ಮುಂದಿನ ವಾರ

ಹಡಗು ಬಂದಿಲ್ಲ ಅನ್ನುವುದು
ನನಗೆ ಬಂದರಿನಿಂದ ತಿಳಿಯುವುದಿಲ್ಲ,
ಮೂರನೇ ಸಾಲಿನೆದುರು ನಿಂತವರ
ಬೆನ್ನು ನೋಡಿದರೆ ಸಾಕು.

ಸಾಸಿವೆ ಸೀಸೆಗಳಿದ್ದ ಜಾಗದಲ್ಲಿ ಬರಿ ಬಿಳಿ ತಗಡು.
ಮುದುಕ ಎಕ್‌ಹಾರ್ಟ್ ಅದರ ಮುಂದೆ
ಸಾವಿನ ಮನೆಗೆ ತಡವಾಗಿ ಬಂದವನ ಹಾಗೆ
ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ.
ಯಾವಾಗ, ಮ್ವನಾಯಿದಿ?
ಮುಂದಿನ ವಾರ.

ದಾರೆಸ್ಸಲಾಮಿಗೆ ಬಂದಿಳಿದವರು
ನಮ್ಮ ಸ್ವಾಹಿಲಿಯಲ್ಲಿ ಮೊದಲು ಕಲಿಯುವುದು ನಮಸ್ಕಾರ,
ಎರಡನೆಯದು ಇದು.

ಒಂಬತ್ತು ವರ್ಷವಾಯಿತು ಈ ಗಲ್ಲಾದ ಹಿಂದೆ.
ಮುಖ ಮರೆಯುತ್ತೇನೆ, ಬುಟ್ಟಿ ಮರೆಯುವುದಿಲ್ಲ.
ಟೂಲಿಕ್ಕಿ, ಫಿನ್‌ಲೆಂಡಿನ ಸೂಲಗಿತ್ತಿ,
ಒಣರೊಟ್ಟಿಯ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ,
ಒಳಗೆ ಮುರಿದಿದೆಯೋ ಹೇಗೆ ಎಂದು.
ಮುರಿದೇ ಇರುತ್ತದೆ. ಕೊಳ್ಳುತ್ತಾಳೆ.
ಸೇತುವೆ ಕಟ್ಟಲು ಬಂದ ಕೊರಿಯಾದ ಪ್ಯೋಗೆ
ಕೆಂಪು ಡಬ್ಬಿಯ ಮೆಣಸಿನ ಗೊಜ್ಜೇ ಆಗಬೇಕು.
ನಮ್ಮ ಗಾಂಧಾರಿ ಮೆಣಸು ಕೊಟ್ಟು ನೋಡಿದೆ ಒಮ್ಮೆ.
ತಿಂದ. ಬೆವರಿದ. ಕಣ್ಣೊರೆಸಿಕೊಂಡು ಮರ್ಯಾದೆಯಿಂದ ಹೇಳಿದ:
ಚೆನ್ನಾಗಿದೆ, ಆದರೆ ಇದು ಬರೀ ಖಾರ.

ಕೆಲಸಕ್ಕೆ ಸೇರಿದ ಮೊದಲ ವಾರ
ನೀಲಿ ಬೂಸ್ಟು ಹಿಡಿದ ಚೀಸು ಕೆಟ್ಟಿತೆಂದು
ಅಷ್ಟನ್ನೂ ಕಸಕ್ಕೆ ಸುರಿದಿದ್ದೆ.
ಸಂಬಳದಲ್ಲಿ ಹಿಡಿದುಕೊಂಡರು. ಈಗಲೂ
ಅದರ ಕಡೆ ನೋಡದೆಯೇ ಬಿಲ್ಲು ಹಾಕುತ್ತೇನೆ.

ಸಾಸಿವೆ ಸೀಸೆ ಒಂದಕ್ಕೆ ಹದಿನೆಂಟು ಸಾವಿರ ಶಿಲಿಂಗು:
ಬಾಗಿಲಿಗೆ ಜೋತುಬಿದ್ದು ಮೂವತ್ತು ಸಲ
ಮನೆಗೆ ಹೋಗುವಷ್ಟು ವ್ಯಾನಿನ ದುಡ್ಡು.
ನಾನೂ ಜೈತೂನಿಯೂ ಹಿಂದಿನ ಕೋಣೆಯಲ್ಲಿ ನಗುತ್ತಿದ್ದೆವು,
ಊರು ಬಿಟ್ಟು ಬಂದರಂತೆ ಪಾಪ,
ನಾಲಿಗೆ ಬಿಟ್ಟು ಬರೋದು ಮರೆತರಂತೆ.

ಆಮೇಲೆ ನನ್ನ ತಂಗಿ ತಾತು ಮಸ್ಕತ್ತಿಗೆ ಹೋದಳು,
ಯಾರದೋ ಮನೆಯ ಅವಳಿ ಮಕ್ಕಳನ್ನು ಸಾಕಲು.
ನಾಲ್ಕು ತಿಂಗಳು ಬರೀ ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ.
ಒಂದು ರಾತ್ರಿ ಫೋನಿನಲ್ಲಿ ಪಿಸುಗುಟ್ಟಿದಳು,
ಬಂಗಾರ ಕದ್ದವಳ ದನಿಯಲ್ಲಿ:
ಅಕ್ಕಾ, ದಾಗಾ ಸಿಕ್ಕಿತು!

ಬೆರಳುದ್ದವೂ ಇಲ್ಲದ ಒಣಮೀನು ಕಣ್ರೀ,
ನಮ್ಮ ಸಂತೆಯಲ್ಲಿ ಸೇರಿನಲ್ಲಿ ಅಳೆಯುತ್ತಾರೆ.
ತಟ್ಟೆಯಂಚಿಗೆ ಸರಿಸಿ, ಅಮ್ಮ ಅತ್ತ ತಿರುಗಿದಾಗ
ಬೆಕ್ಕಿಗೆ ಹಾಕುತ್ತಿದ್ದವಳು ಇವಳು.
ಅಲ್ಲಿ ಯಾವುದೋ ಗಲ್ಲಿಯ ಅಂಗಡಿಯಲ್ಲಿ
ಪ್ಲಾಸ್ಟಿಕ್ಕಿನ ಚೀಲ, ಮೇಲೆ ಸರೋವರದ ಚಿತ್ರ,
ಎರಡು ರಿಯಾಲು. ಅವಳ ಅರ್ಧ ದಿನಕ್ಕಿಂತ ಹೆಚ್ಚು.

ರುಚಿ ಇದೆಯೇನೇ?
ತಿಂದಿಲ್ಲ ಇನ್ನೂ. ಹುರಿದರೆ ವಾಸನೆ ಅಂತಾರೆ ಯಜಮಾನಿ.
ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದೇನೆ,
ಮಕ್ಕಳು ಮಲಗಿದ ಮೇಲೆ ಗಂಟು ಬಿಚ್ಚಿ
ಮೂಸಿ, ಮತ್ತೆ ಕಟ್ಟಿಡುತ್ತೇನೆ.
ಯಾವಾಗ ತಿನ್ನುತ್ತೀ ಹಾಗಾದರೆ?
ಅವರೆಲ್ಲ ಸಲಾಲಾಕ್ಕೆ ಹೋಗುತ್ತಾರೆ,
ನನ್ನನ್ನು ಕರೆದೊಯ್ಯದಿದ್ದರೆ,
ಮುಂದಿನ ವಾರ.

ಕರೆದೊಯ್ದರು.

ನಿನ್ನೆ ಹಡಗು ಬಂತು.
ಹನ್ನೆರಡು ಸೀಸೆ ಸಾಸಿವೆ, ಅದರಲ್ಲಿ ಮೂರು ಒಡೆದಿದ್ದವು.
ಸಂಜೆಗೆ ತಗಡು ಮತ್ತೆ ಬಿಳಿ.
ಒಂದನ್ನು ಮಾತ್ರ ಕೈಚೀಲಗಳ ಸುರುಳಿಯ ಹಿಂದೆ
ನಾನು ಯಾಕೆ ಅಡಗಿಸಿಟ್ಟೆ ಎಂದು
ಜೈತೂನಿ ಕೇಳಿದಳು. ಹೇಳಲಿಲ್ಲ.

ಇವತ್ತು ಎಕ್‌ಹಾರ್ಟ್ ಬಂದ, ಆ ಸಾಲಿಗೂ ಹೋಗದೆ
ಬಾಳೆಹಣ್ಣು, ಬೆಂಕಿಪೊಟ್ಟಣ ತಂದು ಇಟ್ಟ.
ನಾನು ಸೀಸೆ ಎತ್ತಿ ಅವುಗಳ ಪಕ್ಕ ಇಟ್ಟೆ.
ಅವಧಿ ಮುಗಿಯಲು ಹತ್ತೊಂಬತ್ತು ದಿನ ಎಂದೆ.
ಅವನು ತಾರೀಖು ನೋಡಲಿಲ್ಲ. ದುಡ್ಡು ಕೊಟ್ಟವನೇ
ಅಲ್ಲೇ, ಸಾಲಿನಲ್ಲಿ ಜನ ಕಾಯುತ್ತಿರುವಾಗಲೇ,
ಮುಚ್ಚಳ ತಿರುಗಿಸಿ
ಮೂಗಿನ ಹತ್ತಿರ ಹಿಡಿದ.

ಟಪ್ ಎಂದ ಸದ್ದಿಗೆ ಕಾವಲಿನವನು ತಿರುಗಿ ನೋಡಿದ.
ಅಂಗಡಿಯೊಳಗೆ ಏನನ್ನೂ ತೆರೆಯುವಂತಿಲ್ಲ, ನಿಯಮವಿದೆ.
ನಾನು ತಲೆ ತಗ್ಗಿಸಿ
ಅವನ ಚಿಲ್ಲರೆ ಎಣಿಸಿದೆ,
ತಪ್ಪಿತೆಂದು
ಮತ್ತೊಮ್ಮೆ ಎಣಿಸಿದೆ.